ಅಪ್‌ಡೇಟ್: ವೆನೀರ್‌ಗೆ ಅಂತ ಹೋದೆ, ಮೊದಲು ವಸಡಿನ ಕೆಲಸ ಆಯ್ತು

ಮುಂದಿನ ಹಲ್ಲುಗಳ ಕಲೆಗೆ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಹಾಕಿಸಬೇಕಾ, ಬ್ಲೀಚಿಂಗ್ (ಹಲ್ಲು ಬಿಳುಪು ಮಾಡಿಸುವುದು) ಸಾಕಾ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಬ್ರಶ್ ಮಾಡುವಾಗ ರಕ್ತ ಬರುತ್ತದೆ ಎಂದೂ ಬರೆದಿದ್ದೆ. ಡಾಕ್ಟರ್ ಹಿಡಿದದ್ದು ಆ ರಕ್ತದ ವಿಷಯವನ್ನೇ. ಗೆರೆಗಳಿದ್ದ ತೆಳು ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ ಅಲ್ಲಿನ ಆಳ ಅಳೆದರು. 3 ಮಿಲಿಮೀಟರ್‌ವರೆಗೆ ಪರವಾಗಿಲ್ಲವಂತೆ. ನನ್ನ ದವಡೆ ಹಲ್ಲಿನ ಹತ್ತಿರ 5 ಇತ್ತು.

ಇದಕ್ಕೆ ಲೇಸರ್ ಚಿಕಿತ್ಸೆ ಬೇಕಾ ಅಂದೆ. ಸ್ಕೇಲಿಂಗ್ (ಹಲ್ಲಿನ ಪಾಚಿ ತೆಗೆಯುವುದು), ರೂಟ್ ಪ್ಲೇನಿಂಗ್ (ಹಲ್ಲಿನ ಬೇರನ್ನು ಕೆರೆದು ನಯ ಮಾಡುವುದು) ಸಾಕು ಎಂದರು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ ಗಟ್ಟಿಯಾಗಿ ಕೂತಿದ್ದ ಪಾಚಿಯನ್ನು ಕೆರೆದು ತೆಗೆದರು.

ಈಗ ರಕ್ತ ನಿಂತಿದೆ. ಆದರೆ ಊತ ಇಳಿದು ಹಲ್ಲುಗಳ ನಡುವೆ ಸಂದಿ ಕಾಣುತ್ತಿದೆ, ತಣ್ಣೀರು ಕುಡಿದರೆ ಜುಂ ಅನ್ನುತ್ತದೆ. ಇದನ್ನೆಲ್ಲ ಯಾರೂ ಮೊದಲೇ ಹೇಳುವುದಿಲ್ಲ ಅಲ್ವಾ!

ವೆನೀರ್ ಸದ್ಯಕ್ಕಿಲ್ಲ. ಅದಕ್ಕೆ ಸಾಮಾನ್ಯವಾಗಿ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಸ್ವಲ್ಪ ಉಜ್ಜಬೇಕು, ಅದು ಮತ್ತೆ ಬೆಳೆಯುವುದಿಲ್ಲ. ಜುಮ್ಮೆನ್ನುವುದು ಕಡಿಮೆಯಾದ ಮೇಲೆ ಟ್ರೇ ಬ್ಲೀಚಿಂಗ್ (ಹಲ್ಲಿನ ಅಳತೆಯ ಟ್ರೇಯಲ್ಲಿ ಬಿಳುಪಿನ ಜೆಲ್ ಹಾಕಿ ಹಲ್ಲಿಗೆ ಇಡುವುದು) ಮಾಡಿಸುತ್ತೇನೆ.