ಶಾಲಾ ಕ್ಯಾಂಟೀನಿನಲ್ಲಿ ಉಸ್ಲಿ, ಹಣ್ಣು ಖರ್ಚಾಗುವ ಹಾಗೆ ಮಾಡುವುದು ಹೇಗೆ?

ಪ್ರಶ್ನೆ: ಉಡುಪಿಯ ಶಾಲೆ, 200 ಮಕ್ಕಳು, 15 ನಿಮಿಷ ಬಿಡುವು. ಹೆಸರುಕಾಳಿನ ಉಸ್ಲಿ, ಹಣ್ಣು ಇಟ್ಟರೂ ಸಾಲೆಲ್ಲ ಎಣ್ಣೆಯಲ್ಲಿ ಕರಿದ ಗೋಳಿಬಜೆ, ಬನ್ಸ್ ಕಡೆಗೇ. ಏನು ಬದಲಿಸಬೇಕು?

ಉತ್ತರ 1: ಮೊದಲು ಇಡುವ ಜಾಗ ಬದಲಿಸಿ. ಸಾಲು ಶುರುವಾಗುವಲ್ಲೇ, ಮಕ್ಕಳ ಕಣ್ಣಿನ ಮಟ್ಟದಲ್ಲಿ ಉಸ್ಲಿ, ಹಣ್ಣು ಇರಲಿ. ಕರಿದದ್ದು ಕೊನೆಗೆ, ಕೇಳಿದರೆ ಮಾತ್ರ. ಬಿಡುವು ಚಿಕ್ಕದು, ಕೈಗೆ ಸಿಕ್ಕಿದ್ದನ್ನೇ ಹಿಡಿದು ಓಡುತ್ತಾರೆ. ಹಾಗಾಗಿ ಉಸ್ಲಿಯನ್ನು ಕಪ್ಪಿಗೆ ತುಂಬಿ ಚಮಚ ಸಿಕ್ಕಿಸಿಡಿ. ಕತ್ತರಿಸಿದ ಬಚ್ಚಂಗಾಯಿ (ಕಲ್ಲಂಗಡಿ) ನಮ್ಮ ಸೆಖೆಗೆ ಬೇಗ ಹಾಳಾಗುತ್ತದೆ. ಕದಳಿ ಬಾಳೆಹಣ್ಣೇ ಒಳ್ಳೆಯದು.

ಉತ್ತರ 2: ಜಾಗ ಸರಿಯಾದರೂ ಉಸ್ಲಿ ಮುದ್ದೆಯಾದರೆ ಯಾರೂ ಮುಟ್ಟುವುದಿಲ್ಲ. ಕಾಳು 8 ಗಂಟೆ ನೆನೆಸಿದ್ದರೆ ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ 12-15 ನಿಮಿಷ ಸಾಕು. ನೀರು ಪೂರ್ತಿ ಬಸಿದ ಮೇಲೆಯೇ ಒಗ್ಗರಣೆ. ಕಾಯಿತುರಿ ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಹಳಸುತ್ತದೆ. ಹಸಿಮೆಣಸು ಅರ್ಧ ಮಾಡಿ. 1 ಕಿಲೋ ಕಾಳಿಗೆ 100 ಗ್ರಾಮಿನ ಸುಮಾರು 20 ಕಪ್ ಆಗುತ್ತದೆ. ಮೊದಲ ವಾರ 2 ಕಿಲೋ ಮೀರಬೇಡಿ.

ಉತ್ತರ 3: ಗೇಟಿನ ಎದುರಿನ ಅಂಗಡಿಯನ್ನೂ ನೋಡಿಕೊಳ್ಳಿ ಮಾರಾಯ್ರೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಯ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರುವಂತಿಲ್ಲ.