ರಿಂಗ್ ರೋಡಿಗೆ ಜಮೀನು ಹೋಗುತ್ತೆ: ನಗದೋ, ಟಿಡಿಆರೋ, ಜಾಗವೋ?

ಕೇಳಿದ್ದು

ನಮಸ್ಕಾರ. ಹಳೇ ಮದ್ರಾಸ್ ರಸ್ತೆ ಕಡೆ ನಮ್ಮ 1 ಎಕರೆ 12 ಗುಂಟೆ ರಾಗಿ ಹೊಲ ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡಿಗೆ ಹೋಗುತ್ತೆ. ಈಗ ಅದಕ್ಕೆ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಹೆಸರು. ಅಂಚಿನಲ್ಲಿ ತೆಂಗಿನ ಮರ, ಒಂದು ಬೋರ್‌ವೆಲ್ ಇದೆ. ಪಹಣಿ ಇನ್ನೂ ತೀರಿಕೊಂಡ ತಂದೆಯವರ ಹೆಸರಲ್ಲೇ ಇದೆ. ರಸ್ತೆಗೆ ದುಡ್ಡು ಎಲ್ಲಿಂದ ಅನ್ನೋ ಗಲಾಟೆ ಇಪ್ಪತ್ತು ವರ್ಷವಾದರೂ ಮುಗಿದಿಲ್ಲ. ಒಬ್ಬರು ನಗದು ತಗೊಳ್ಳಿ ಅಂತಾರೆ, ಇನ್ನೊಬ್ಬರು ಟಿಡಿಆರ್ (ಜಮೀನಿನ ಬದಲು ಸಿಗುವ, ಮಾರಬಹುದಾದ ಕಟ್ಟಡದ ಹಕ್ಕು), ಮತ್ತೊಬ್ಬರು ಅಭಿವೃದ್ಧಿಪಡಿಸಿದ ಜಾಗ. ಸಹಿ ಹಾಕೋ ಮುಂಚೆ ಏನೇನು ನೋಡ್ಕೋಬೇಕು? ಗೊತ್ತಿರುವವರು ಬಿಡಿಸಿ ಹೇಳಿ.

ರಸ್ತೆ ಯೋಜನೆಗಳ ಹಣಕಾಸು ಬಲ್ಲವರು

ಮೊದಲು ದುಡ್ಡಿನ ದಾರಿ ತಿಳ್ಕೊಳ್ಳಿ ಸರ್. ನಿಮ್ಮ ಮುಂದಿಟ್ಟಿರುವ ಆಯ್ಕೆಗಳು ಹುಟ್ಟಿದ್ದೇ ಅಲ್ಲಿಂದ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ಸುಮಾರು 1,810 ಎಕರೆ. ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಾಲದ ಮಾತು ಬಂತು, ಕೈಗೂಡಲಿಲ್ಲ. 2022ರ ಟೆಂಡರಿನಲ್ಲಿ, ರಸ್ತೆ ಕಟ್ಟುವ ಕಂಪನಿಯೇ ಜಮೀನಿನ ದುಡ್ಡನ್ನೂ ಹಾಕಿ 50 ವರ್ಷ ಟೋಲ್ ವಸೂಲಿ ಮಾಡಿಕೊಳ್ಳಲಿ ಅಂದರು. ಅದೂ ದಡ ಮುಟ್ಟಲಿಲ್ಲ. ಆಮೇಲೆ 73 ಕಿ.ಮೀ.ಗೆ 27,000 ಕೋಟಿ ಅಂದಾಜು ಮಾಡಿ ಕೇಂದ್ರ ಸರ್ಕಾರದ ಹಣಕಾಸು ಸಂಸ್ಥೆ ಹುಡ್ಕೊದ ಸಾಲದ ದಾರಿ ಹಿಡಿದರು. ಅದರಲ್ಲಿ ಸುಮಾರು 21,000 ಕೋಟಿ ಬರೀ ಜಮೀನಿಗೆ.

ಈ ಸಾಲ ಟೋಲಿನಿಂದ ತೀರುತ್ತಾ? ಲೆಕ್ಕಕ್ಕೆ ಶೇ 9ರ ಬಡ್ಡಿ ಹಿಡಿಯಿರಿ. 27,000 ಕೋಟಿಗೆ ವರ್ಷಕ್ಕೆ 2,430 ಕೋಟಿ, ದಿನಕ್ಕೆ 6.66 ಕೋಟಿ ಬಡ್ಡಿ. ದಿನಾ ಒಂದು ಲಕ್ಷ ವಾಹನ ಓಡಾಡಿದರೂ ಒಂದೊಂದರಿಂದ 666 ರೂಪಾಯಿ ಬಡ್ಡಿಗೇ ಬೇಕು. ಅಸಲು, ನಿರ್ವಹಣೆ, ಟೋಲ್ ಕಟ್ಟೆಯ ಖರ್ಚು ಆಮೇಲಿನ ಮಾತು. ಅಷ್ಟು ಟೋಲ್ ಹಾಕಿದರೆ ಲಾರಿಯವರು ಹಳೇ ರಸ್ತೆಗೇ ಇಳೀತಾರೆ.

ಅದಕ್ಕೇ 2025ರ ಅಕ್ಟೋಬರ್‌ನಲ್ಲಿ ಲೆಕ್ಕ ಬದಲಾಯಿತು. 100 ಮೀಟರ್ ಅಗಲದಲ್ಲಿ ರಸ್ತೆಗೆ 65 ಮೀಟರ್, ಉಳಿದ 35 ಮೀಟರ್ ಜಮೀನು ಕೊಟ್ಟವರಿಗೆ ವಾಣಿಜ್ಯ ಜಾಗವಾಗಿ ವಾಪಸ್. ನಗದಿನ ಬದಲು ರೈತರು ಜಾಗ, ಟಿಡಿಆರ್ ಒಪ್ಪಿದರೆ ಖರ್ಚು 10,000 ಕೋಟಿಗೆ ಇಳಿಯುತ್ತೆ ಅಂತ ಡಿ.ಕೆ. ಶಿವಕುಮಾರ್ ಹೇಳಿದರು. ಹಾಗೆ ಉಳಿಯುವ 17,000 ಕೋಟಿ ಎಲ್ಲಿಗೂ ಹೋಗಿಲ್ಲ, ಕಾಗದವಾಗಿ ರೈತರ ಕೈಗೆ ಬರುತ್ತೆ. ನಗದು ಬಿಟ್ಟು ಬೇರೆ ಯಾವುದನ್ನು ಒಪ್ಪಿದರೂ ರಸ್ತೆಗೆ ನೀವೇ ಸಾಲ ಕೊಟ್ಟ ಹಾಗೆ. ಸಾಲ ಕೊಡುವವರು ಕೇಳುವ ಪ್ರಶ್ನೆಗಳನ್ನೇ ನೀವೂ ಕೇಳಿ: ಎಷ್ಟು, ಯಾವಾಗ, ತಪ್ಪಿದರೆ ಏನು ಕೊಡ್ತೀರಿ?

ಜಮೀನಿನಿಂದಲೇ ರಸ್ತೆಯ ಖರ್ಚು ತೆಗೆಯೋದು ಹೊಸದೂ ಅಲ್ಲ. ಬೆಂಗಳೂರು-ಮೈಸೂರು ರಸ್ತೆಗೆ ನೈಸ್ ಕಂಪನಿ ಜೊತೆ ಆದ 1997ರ ಒಪ್ಪಂದದಲ್ಲಿ ಟೋಲ್ ಜೊತೆ ಟೌನ್‌ಶಿಪ್ಪುಗಳನ್ನೂ ಸೇರಿಸಿ 20,193 ಎಕರೆ ಲೆಕ್ಕ ಹಾಕಿದ್ದರು. ಊರಿನ ಸುತ್ತಲಿನ 41 ಕಿ.ಮೀ. ಆಯಿತು, ಟೋಲೂ ಬಂತು, ಮೈಸೂರಿನವರೆಗಿನ ಎಕ್ಸ್‌ಪ್ರೆಸ್‌ವೇ ಆಗಲಿಲ್ಲ.

ಭೂಸ್ವಾಧೀನ ಕೇಸು ನೋಡುವ ವಕೀಲರು

ಜಗಳದ ಬೇರು ಪರಿಹಾರದ ಕಾನೂನಿನಲ್ಲಿದೆ. ಬಿಡಿಎ ಕಾಯ್ದೆಯಡಿ ತಗೊಂಡ ಜಮೀನಿಗೆ 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರವೇ ಪರಿಹಾರ, 2013ರ ಹೊಸ ಭೂಸ್ವಾಧೀನ ಕಾಯ್ದೆ ಅನ್ವಯಿಸದು ಅಂತ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿತು. ಹೊರಗಡೆ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಹೆದ್ದಾರಿ ಕಾಯ್ದೆಯಡಿ ಬಂದಿದ್ದರಿಂದ ಅಲ್ಲಿಗೆ 2013ರ ಲೆಕ್ಕ. ಕೆಲವೇ ಮೈಲಿ ಅಂತರದ ರೈತರಿಗೆ ಎರಡು ಬಗೆಯ ಲೆಕ್ಕ; ರೈತರ ಸಿಟ್ಟು ನ್ಯಾಯವಾದದ್ದೇ.

1894ರ ಲೆಕ್ಕ ಹೀಗೆ. ಪ್ರಾಥಮಿಕ ಅಧಿಸೂಚನೆ ದಿನದ ಮಾರುಕಟ್ಟೆ ಬೆಲೆ, ಅದರ ಮೇಲೆ ಶೇ 30 ಸೊಲೇಷಿಯಂ (ಬಲವಂತವಾಗಿ ತಗೊಂಡಿದ್ದಕ್ಕೆ ಕೊಡುವ ಹೆಚ್ಚುವರಿ ಹಣ), ಅಧಿಸೂಚನೆಯಿಂದ ಅವಾರ್ಡ್ (ಪರಿಹಾರದ ಆದೇಶ) ಅಥವಾ ಸ್ವಾಧೀನದವರೆಗೆ (ಯಾವುದು ಮೊದಲೋ ಅದು) ವರ್ಷಕ್ಕೆ ಶೇ 12. ಎಕರೆಗೆ 2005ರ ಬೆಲೆ 20 ಲಕ್ಷ ಅಂತ ಇಟ್ಕೊಳ್ಳಿ: ಸೊಲೇಷಿಯಂ 6 ಲಕ್ಷ, 20 ವರ್ಷದ ಶೇ 12 ಸೇರಿ 48 ಲಕ್ಷ, ಒಟ್ಟು 74 ಲಕ್ಷ. ಕೋರ್ಟ್ ತಡೆಯಾಜ್ಞೆ ಇದ್ದ ಅವಧಿಗೆ ಆ ಶೇ 12 ಸಿಗಲ್ಲ. ಇದನ್ನು ಬಹಳ ಜನ ಮರೀತಾರೆ. 2013ರ ಕಾಯ್ದೆಯಲ್ಲಾದರೆ ಸೊಲೇಷಿಯಂ ಶೇ 100, ಹಳ್ಳಿ ಜಮೀನಿಗೆ ಎರಡರವರೆಗೆ ಗುಣಕವೂ ಇದೆ. ಸರ್ಕಾರ ಇದಕ್ಕಿಂತ ಹೆಚ್ಚಿನ ದರ ಹೇಳಿದರೆ ಯಾವ ವರ್ಷದ ಮಾರ್ಗಸೂಚಿ ಬೆಲೆ (ನೋಂದಣಿಗೆ ಸರ್ಕಾರ ಗೊತ್ತುಮಾಡುವ ಬೆಲೆ), ಎಷ್ಟು ಪಟ್ಟು ಅನ್ನೋದನ್ನ ಆದೇಶದ ಪ್ರತಿಯಲ್ಲೇ ನೋಡಿ. ಸಭೆಯಲ್ಲಿ ಹೇಳಿದ್ದು ಕೋರ್ಟಿನಲ್ಲಿ ನಿಲ್ಲಲ್ಲ.

ಒಪ್ಪಿಗೆ ಅವಾರ್ಡಿಗೆ ಸಹಿ ಹಾಕಿದರೆ ಹೆಚ್ಚಿನ ಪರಿಹಾರ ಕೇಳುವ ದಾರಿ ಮುಚ್ಚಿತು. ಸಾಮಾನ್ಯ ಅವಾರ್ಡ್ ಆದರೆ ಹಣ ಪಡೆಯುವಾಗ ರಸೀದಿಯಲ್ಲಿ “ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ” ಅಂತ ಕೈಯಾರೆ ಬರೀರಿ. ನೋಟಿಸ್ ಕೈಗೆ ಬಂದ 90 ದಿನದೊಳಗೆ ವಿಶೇಷ ಭೂಸ್ವಾಧೀನಾಧಿಕಾರಿಗೆ 1894ರ ಕಾಯ್ದೆಯ 18ನೇ ಕಲಂ ಅರ್ಜಿ (ಪರಿಹಾರ ಹೆಚ್ಚಿಸಲು ಕೋರ್ಟಿಗೆ ಕಳಿಸಿ ಅಂತ) ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸ್ಕೊಳ್ಳಿ. 18ರ ಅರ್ಜಿ ಹಾಕದವರು, ಅದೇ ಅಧಿಸೂಚನೆಯ ಬೇರೆ ಜಮೀನಿಗೆ ಕೋರ್ಟ್ ಹೆಚ್ಚಿಸಿಕೊಟ್ಟಿದ್ದರೆ, ಆ ತೀರ್ಪಿನಿಂದ 3 ತಿಂಗಳೊಳಗೆ 28-ಎ ಅರ್ಜಿ ಹಾಕಬಹುದು.

ಬೆಲೆಗೆ ಸಾಕ್ಷಿ ಅಂದ್ರೆ 2005ಕ್ಕೆ ಹಿಂದಿನ ಎರಡು ಮೂರು ವರ್ಷದ ಅಕ್ಕಪಕ್ಕದ ಕ್ರಯಪತ್ರಗಳು. ಸೈಟಿನ ಕ್ರಯಪತ್ರ ತಂದರೆ ಅಭಿವೃದ್ಧಿ ಖರ್ಚಿಗೆ ಅಂತ ಕೋರ್ಟ್ ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು ಕಡಿತ ಮಾಡುತ್ತೆ. ಎಕರೆ ಲೆಕ್ಕದ ಕ್ರಯಪತ್ರ ಹುಡುಕಿ.

ಸರ್ವೆ, ಕಂದಾಯ ಕೆಲಸ ಗೊತ್ತಿರುವವರು

ಅಣ್ಣ, ತಂದೆ ಹೆಸರಲ್ಲಿ ಪಹಣಿ ಇದ್ದರೆ ಯಾವ ಆಯ್ಕೆಯೂ ನಿಮ್ಮ ಕೈಗೆ ಬರಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ ಮಾಡಿಸಿ. ಅಕ್ಕತಂಗಿಯರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಬೇಡಿ. ಒಬ್ಬರು ತಕರಾರು ಹಾಕಿದರೂ ಪರಿಹಾರದ ಹಣ ಕೋರ್ಟಿಗೆ ಹೋಗಿ ಕೂರುತ್ತೆ.

ಪಹಣಿ 11ನೇ ಕಾಲಂ ನೋಡಿ. ತೀರಿಸಿದ ಸಾಲದ ಭೋಜಾ ಇನ್ನೂ ಇದ್ದರೆ ಬ್ಯಾಂಕಿನಿಂದ ಋಣಮುಕ್ತ ಪತ್ರ ತಂದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2005ಕ್ಕಿಂತ ಮುಂಚಿನಿಂದ ಇವತ್ತಿನವರೆಗೆ ಋಣಭಾರ ಪತ್ರ ತಗೊಳ್ಳಿ. ಪಹಣಿ ವಿಸ್ತೀರ್ಣವೂ ಆಕಾರಬಂದ್ (ಸರ್ವೆ ಇಲಾಖೆಯ ಅಳತೆ ದಾಖಲೆ) ವಿಸ್ತೀರ್ಣವೂ ಒಂದೇನಾ ತಾಳೆ ನೋಡಿ. ಎರಡು ಗುಂಟೆ ಕಡಿಮೆ ಬಂದರೆ ಎರಡು ಗುಂಟೆಯ ಪರಿಹಾರ ಹೋದ ಹಾಗೆ. ಜಂಟಿ ಅಳತೆಗೆ ಬಂದ ದಿನ ಹೊಲದಲ್ಲೇ ಇರಿ. ತೆಂಗಿನ ಮರದ ಸಂಖ್ಯೆ, ವಯಸ್ಸು, ಬೋರ್‌ವೆಲ್ ಆಳ, ಮೋಟರ್, ಪೈಪ್‌ಲೈನ್ ಎಲ್ಲಾ ಮಹಜರಿನಲ್ಲಿ ಬರೆಸಿ. ಬೆಲೆ ಕಟ್ಟೋದು ಮರಕ್ಕೆ ತೋಟಗಾರಿಕೆಯವರು, ಕಟ್ಟಡಕ್ಕೆ ಪಿಡಬ್ಲ್ಯುಡಿಯವರು. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಬೆಲೆಯಿಲ್ಲ.

ಟಿಡಿಆರ್ ವ್ಯವಹಾರ ಬಲ್ಲವರು

ಟಿಡಿಆರ್ ಅಂದ್ರೆ ಹೆಚ್ಚುವರಿ ಮಹಡಿ ಕಟ್ಟುವ ಹಕ್ಕು. ಜಮೀನನ್ನು ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಟ್ಟರೆ ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ ಸಿಗುತ್ತೆ, ಅದನ್ನು ಬಿಲ್ಡರಿಗೆ ಮಾರಬೇಕು. ಎರಡು ಕಡೆ ಪೆಟ್ಟು ಬೀಳುತ್ತೆ. ನಿಮ್ಮ ಊರಿಗಿಂತ ದುಬಾರಿ ಏರಿಯಾದಲ್ಲಿ ಬಳಸಿದರೆ ಮಾರ್ಗಸೂಚಿ ಬೆಲೆಯ ಅನುಪಾತದಲ್ಲಿ ಚದರಡಿ ಕರಗುತ್ತೆ. ಮತ್ತೆ, ನೂರಾರು ಎಕರೆಯ ಪತ್ರಗಳು ಒಟ್ಟಿಗೆ ಮಾರುಕಟ್ಟೆಗೆ ಬಿದ್ದರೆ ಬೆಲೆ ಕುಸಿಯುತ್ತೆ. ಕೊಳ್ಳುವವರು ಗೊತ್ತಿಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡಿ.

ಮತ್ತೆ ಕೇಳಿದ್ದು

ತುಂಬಾ ಉಪಕಾರ. ವಾಣಿಜ್ಯ ಜಾಗ ಶೇ 35 ಅಂದ್ರೆ ನಮಗೆ ಎಷ್ಟು ಬರುತ್ತೆ? ಬೆಳೆ ನಿಂತರೆ ಜಾಗ ಸಿಗೋವರೆಗೆ ಜೀವನಕ್ಕೇನು?

ವಕೀಲರು

52 ಗುಂಟೆಗೆ ಶೇ 35 ಅಂದರೆ 18.2 ಗುಂಟೆ, ಸುಮಾರು 19,820 ಚದರಡಿ. ಒಪ್ಪಂದದಲ್ಲಿ ಸರ್ವೆ ನಂಬರ್, ನಕ್ಷೆಯಲ್ಲಿ ಜಾಗದ ಗುರುತು, ಸ್ವಾಧೀನ ಕೊಡುವ ದಿನಾಂಕ, ತಡವಾದರೆ ತಿಂಗಳಿಗೆ ಇಷ್ಟು ಅನ್ನೋ ಷರತ್ತು ಇರಲಿ. ಸಿಗೋದು ಶುದ್ಧ ಕ್ರಯಪತ್ರವೋ, ಗುತ್ತಿಗೆ ಸಹಿತ ಮಾರಾಟವೋ ಕೇಳಿ. ಗುತ್ತಿಗೆ ಅವಧಿಯಲ್ಲಿ ಮಾರಲಿಕ್ಕಾಗಲ್ಲ. ಸರ್ವಿಸ್ ರಸ್ತೆಯಿಂದ ಆ ಜಾಗಕ್ಕೆ ದಾರಿ ಇದೆಯಾ ನೋಡಿ. ಟೋಲ್ ರಸ್ತೆಯ ಬೇಲಿಯ ಹಿಂದೆ ಬಿದ್ದ ಜಾಗದಲ್ಲಿ ಅಂಗಡಿ ನಡೆಯಲ್ಲ.

ಜೀವನಕ್ಕೆ ಅಂದ್ರೆ, ಒಂದಷ್ಟು ಭಾಗಕ್ಕೆ ನಗದು, ಉಳಿದದ್ದಕ್ಕೆ ಜಾಗ ಕೊಡಲಿಕ್ಕಾಗುತ್ತಾ ಅಂತ ಲಿಖಿತವಾಗಿ ಕೇಳಿ, ಉತ್ತರ ಬರೋವರೆಗೆ ಸಹಿ ತಡೆಹಿಡೀರಿ.