ಬೆಕ್ಕಿನ ಮೈಯಿಂದ ಚಿಗಟ ಹೋಗುತ್ತಲೇ ಇಲ್ಲ

ಪ್ರಶ್ನೆ:
ಮಳೆಗಾಲ ಆರಂಭವಾದಾಗಿನಿಂದ ನಮ್ಮ ಬೆಕ್ಕು ಬಾಲದ ಬುಡವನ್ನು ಕೆರೆದು ಕೆರೆದು ಅಲ್ಲಿನ ಕೂದಲನ್ನೇ ಕಳೆದುಕೊಂಡಿದೆ. ಎರಡು ಬಾರಿ ಸ್ನಾನ ಮಾಡಿಸಿದರೂ ವಾರದೊಳಗೆ ಚಿಗಟಗಳು ಮರಳಿ ಬಂದಿವೆ. ನಾಯಿಯ ಕತ್ತಿನ ಹಿಂಭಾಗಕ್ಕೆ ಹಾಕುವ ಔಷಧಿ ಸ್ವಲ್ಪ ಉಳಿದಿದೆ. ಅದನ್ನೇ ಬೆಕ್ಕಿಗೂ ಹಾಕಬಹುದೇ?

ಉತ್ತರ 1:
ದಯವಿಟ್ಟು ಹಾಕಬೇಡಿ. ನಾಯಿಗಳ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿಗೆ ವಿಷ. ನಡುಕ ಮತ್ತು ಸೆಳವು ಕಾಣಿಸಿಕೊಂಡು ಪ್ರಾಣವೇ ಹೋಗಬಹುದು. ಬೆಕ್ಕನ್ನು ತೂಗಿಸಿ, ಅದಕ್ಕೆ ತಕ್ಕ ಔಷಧಿಯನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಿ.

ಉತ್ತರ 2:
ಚಿಗಟಗಳು ಮರಳಿ ಬರುವುದು ನಿಮ್ಮ ಮನೆಯೊಳಗಿಂದಲೇ. ಬೆಕ್ಕಿನ ಮೈಮೇಲೆ ಇಟ್ಟ ಮೊಟ್ಟೆಗಳು ಚಾಪೆ, ಸೋಫಾ, ಹಾಸಿಗೆಗಳ ಮೇಲೆ ಉದುರಿ, ಮರಿಹುಳುಗಳಾಗಿ, ಬಳಿಕ ಗೂಡು ಕಟ್ಟಿಕೊಳ್ಳುತ್ತವೆ. ಆ ಗೂಡಿನೊಳಗೆ ತಿಂಗಳುಗಟ್ಟಲೆ ಕಾದು ಕುಳಿತು, ಹೆಜ್ಜೆಯ ಕಂಪನವೋ ಮೈಯ ಬಿಸಿಯೋ ತಾಗಿದೊಡನೆ ಹೊರಬೀಳುತ್ತವೆ. ಆದ್ದರಿಂದ ನಾಯಿ, ಬೆಕ್ಕು ಎರಡಕ್ಕೂ ಅವುಗಳದೇ ಔಷಧಿಯನ್ನು ಕನಿಷ್ಠ 3 ತಿಂಗಳು ತಪ್ಪದೆ ಮುಂದುವರಿಸಿ, ಅವು ಮಲಗುವ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಸೋಫಾದ ಸಂದುಗಳನ್ನು ಮರೆಯಬೇಡಿ. ನಾನು ಮರೆತು ಒಂದು ತಿಂಗಳು ವ್ಯರ್ಥ ಮಾಡಿಕೊಂಡೆ.

ಉತ್ತರ 3:
ಚಿಗಟವೇ ಹೌದೋ ಎಂಬುದನ್ನು ಖಚಿತಪಡಿಸಿಕೊಳ್ಳಲು, ಹೇನಿನ ಬಾಚಣಿಗೆಯಿಂದ ಬಾಚಿದಾಗ ಉದುರುವ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲಿಡಿ. ಅದರ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ರಕ್ತ ಹೀರಿದ ಚಿಗಟದ ಹಿಕ್ಕೆ. ಮಲದಲ್ಲಿ ಅಕ್ಕಿಕಾಳಿನಂತಹ ತುಣುಕುಗಳು ಕಂಡರೆ ವೈದ್ಯರಿಗೆ ತಿಳಿಸಿ. ಚಿಗಟವನ್ನು ನುಂಗಿದ ಬೆಕ್ಕಿನ ಕರುಳಿಗೆ ಲಾಡಿಹುಳು ಸೇರಿಕೊಳ್ಳಬಹುದು, ಆ ತುಣುಕುಗಳು ಅದರವೇ ಇರಬಹುದು.